ಒಂದು ಸಾಲು ಹೆಚ್ಚು

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ತಂದೆಯ ಹೆಸರು, ವಯಸ್ಸು, ಉದ್ಯೋಗದ ಸಮೇತ ಒಮ್ಮೆ ಅರ್ಜಿಯಲ್ಲಿ ಬರೆದಿದ್ದೇನೆ, ಇನ್ನೊಮ್ಮೆ ಬರೆಯಲು ಕೈ ಏಳುವುದಿಲ್ಲ. ಊರಿನವರು ಅವನನ್ನು ಸ್ಟೋ ಕಾಕಾ ಎನ್ನುತ್ತಿದ್ದರು. ಹಿತ್ತಾಳೆಯ ಪಂಪ್ ಸ್ಟೋವ್ ರಿಪೇರಿ ಅವನ ಕಸುಬು. ಹೋದ ತಿಂಗಳು ಕಾಕಾ ತೀರಿಕೊಂಡ. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದು ರೂಢಿ. ಅವನು ಬದುಕಿದ್ದಾಗ ನಾನು ಬರೆದದ್ದೆಲ್ಲ ಅವನ ವಿರುದ್ಧವೇ ಆದ್ದರಿಂದ ನನಗೆ ಈ ರೂಢಿಯ ಅಭ್ಯಾಸ ಕಡಿಮೆ.

ನಾನು ಅರ್ಜಿ ಬರೆಯುವವನು. ತಾಲೂಕು ಕಚೇರಿಯ ಎದುರು ಬೇವಿನ ಮರ, ಮರದ ಕೆಳಗೆ ಒಂದು ಮೇಜು, ಮೇಜಿನ ಹಿಂದೆ ನಾನು. ಸಾಹೇಬರು ಬಂದರು, ಹೋದರು. ಮರ ಮತ್ತು ನಾನು ಮಾತ್ರ ವರ್ಗವಾಗಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ನನ್ನ ಮರ ಯಾವ ಊರಿನದು ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಮೂರು ಊರಿನವರು, ಸದ್ಯ, ನಮ್ಮೂರಲ್ಲ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ಮಲಗಿಬಿಡುತ್ತಾರೆ. ಅದು ಬೇಡ.

ಕಾಕಾನಿಗೆ ನಾಲ್ಕು ಊರಿನ ಸಂತೆಯೂ ಬೇಕು. ತಗಡಿನ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿ, ದೂರದ ಊರಾದರೆ ಸೈಕಲ್ಲನ್ನೇ ಬಸ್ಸಿನ ಮೇಲೆ ಹಾಕಿಸಿ ಹೋಗುತ್ತಿದ್ದ. ಇವತ್ತು ಕೊಲ್ಹಾರದಲ್ಲಿ ಕಂಡವನು ನಾಳೆ ನಾಲತವಾಡದಲ್ಲಿ. ಬೋಳು ತಲೆ, ಮೋಟು ಧೋತರ, ಎಡಗೈಯ ಮೇಲೆ ಮೊಣಕೈವರೆಗೆ ಸುಟ್ಟ ಕಲೆ. ಹರೆಯದಲ್ಲಿ ಸ್ಟೋವ್ ಸಿಡಿದು ಸೋಲಾಪುರದ ಕಡೆಯ ಒಂದು ದವಾಖಾನೆಯಲ್ಲಿ ನಾಲ್ಕು ತಿಂಗಳು ಬಿದ್ದಿದ್ದನಂತೆ. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡ ಒಬ್ಬ ಕ್ರಿಶ್ಚಿಯನ್ ಮಾಸ್ತರ. ಆತ ಹೊತ್ತು ಹೋಗಲೆಂದು ಯೇಸುವಿನ ಕಥೆ ಹೇಳಿದ. ಮಾಸ್ತರನ ಕಾಲು ಕೂಡಿ ಅವನು ಮನೆಗೆ ಹೋದ. ಕಥೆ ಮಾತ್ರ ಕಾಕಾನಲ್ಲೇ ಉಳಿಯಿತು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ತಲೆಯಲ್ಲಿಟ್ಟುಕೊಂಡು ಊರೂರಿಗೆ ಹೇಳುತ್ತ ಹೊರಟ.

ಶುರುವಿನಲ್ಲಿ ಅವನ ಯುಕ್ತಿ ಚೆನ್ನಾಗಿತ್ತು. ಮೊದಲು ಸ್ಟೋವನ್ನು ಪೂರ್ತಿ ಬಿಚ್ಚುವುದು. ಬರ್ನರ್ ಒಂದು ಕಡೆ, ವಾಸರ್ ಒಂದು ಕಡೆ, ಪಂಪು ಮತ್ತೊಂದು ಕಡೆ. ಆಮೇಲೆ ಯೇಸುವಿನ ಮಾತು ತೆಗೆಯುವುದು. ಗಿರಾಕಿ ಎಲ್ಲಿಗೆ ಹೋದಾನು? ಅರ್ಧ ಸ್ಟೋವ್ ಹೊತ್ತುಕೊಂಡು ಯಾರೂ ಮನೆಗೆ ಹೋಗುವುದಿಲ್ಲ. ಒಂದು ದಿನ ಬುತ್ತಿ ಕೊಡಲು ಬಂದ ಅವನ ಹೆಂಡತಿ ಇದನ್ನು ನೋಡಿದಳು. ಆಕೆಯನ್ನು ನಾವು ಕಾಕು ಎನ್ನುತ್ತೇವೆ. ಸಂತೆಯಲ್ಲೇ ಗದರಿಸಿದಳು.

"ಇದೇನ್ರಿ ನಿಮ್ಮ ಧಂದೆ? ಮಂದೀನ್ನ ಕಟ್ಟಿ ಹಾಕಿ ಕಥಿ ಹೇಳಾಕತ್ತೀರಿ? ನಿಮ್ಮ ದೇವ್ರು ಹಿಂಗ ಹೇಳ್ಯಾನೇನು?"

ಕಾಕಾ ಬಿಚ್ಚಿಟ್ಟ ಸ್ಟೋವನ್ನು ಅಲ್ಲೇ ಜೋಡಿಸಿ ಕೊಟ್ಟ. ಆವತ್ತಿನಿಂದ ಕ್ರಮ ಬದಲಾಯಿತು. ಸ್ಟೋವ್ ರಿಪೇರಿ ಮಾಡಿ, ನೀಲಿ ಉರಿ ಬರುವ ತನಕ ಪಂಪು ಹೊಡೆದು, ಆರಿಸಿ, ಗಿರಾಕಿಯ ಕೈಗೆ ಕೊಟ್ಟುಬಿಡುತ್ತಿದ್ದ. "ನಿಮ್ಮ ಕೆಲಸ ಮುಗೀತ್ರಿ. ನೀವು ಹೋಗಬಹುದು. ನಿಂದ್ರತೀರಂದ್ರ ನಂದೊಂದ ಮಾತೈತಿ." ಹತ್ತರಲ್ಲಿ ಒಂಬತ್ತು ಜನ ಹೋಗಿಬಿಡುತ್ತಿದ್ದರು. ಅವನಿಗೆ ಅದರ ಬೇಸರವೇ ಇಲ್ಲ. ನಿಂತ ಒಬ್ಬನಿಗೆ ಹತ್ತು ಜನಕ್ಕೆ ಹೇಳುವಷ್ಟು ಹೇಳುತ್ತಿದ್ದ.

ಅವನಿಗೆ ಬಲು ಇಷ್ಟವಾದದ್ದು ತಪ್ಪಿಸಿಕೊಂಡ ಕುರಿಯ ಕಥೆ. ನೂರು ಕುರಿಯ ಮಾಲೀಕ ತೊಂಬತ್ತೊಂಬತ್ತನ್ನು ಅಲ್ಲೇ ಬಿಟ್ಟು ಕಳೆದುಹೋದ ಒಂದನ್ನು ಹುಡುಕಲು ಹೋದ ಎಂದು ಒಮ್ಮೆ ಹೇಳುತ್ತಿದ್ದಾಗ, ಕೇಳುತ್ತಿದ್ದವನು ಸಾಲೋಟಗಿ ಕಡೆಯ ಕುರಿ ಕಾಯುವ ಮುದುಕ. ಅವನಿಗೆ ಸಿಟ್ಟು ಬಂತು.

"ಏ, ಹುಚ್ಚಪ್ಪಾ! ತೊಂಬತ್ತೊಂಬತ್ತ ಬಿಟ್ಟು ಹೋದ್ರ ಅವನ್ನ ತ್ವಾಳ ಬಿಡ್ತಾವೇನು? ನಿಮ್ಮ ದೇವ್ರು ಕುರಿ ಕಾಯ್ದಾಂವ ಅಲ್ಲ ಬಿಡು."

"ನಿನ್ನ ಲೆಕ್ಕ ಬರೋಬ್ಬರಿ ಐತಿ ಯಜಮಾನ," ಎಂದ ಕಾಕಾ. "ಆದ್ರ ತಪ್ಪಿದ ಕುರಿಗೆ ಲೆಕ್ಕ ತಿಳಿಯೂದಿಲ್ಲ. ಅದು ದಾರಿ ಕಾಯ್ತಿರತೈತಿ. ಆ ದವಾಖಾನ್ಯಾಗ ನಾನೂ ಹಂಗ ಕಾಯಾಕತ್ತಿದ್ದೆ."

ಮುದುಕ ಒಪ್ಪಲಿಲ್ಲ. ತೋಳದ ವಿಷಯ ಇತ್ಯರ್ಥವಾಗುವ ತನಕ ಒಪ್ಪುವುದಿಲ್ಲ ಎಂದು ಎದ್ದು ಹೋದ. ಮುಂದಿನ ಸಂತೆಗೆ ಮತ್ತೆ ಬಂದು ಕೂತ. ಆ ವಾದ ಎರಡು ವರ್ಷ ನಡೆಯಿತು.

ಇಷ್ಟೆಲ್ಲ ಹೇಳಿ ಅವನು ಎಷ್ಟು ಜನರನ್ನು ತನ್ನ ಕಡೆಗೆ ಎಳೆದುಕೊಂಡ ಎಂದು ನೀವು ಕೇಳಬಹುದು. ನನಗೆ ಗೊತ್ತಿರುವಂತೆ ಒಬ್ಬರನ್ನು, ಕಾಕುವನ್ನು. "ಮನಿಯಾಕಿನ್ನ ಒಪ್ಪಸಾಕ ಆರು ವರ್ಷ ಹಿಡೀತ್ರಿ," ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ನಾಲ್ಕು ತಾಲೂಕುಗಳ ಧರ್ಮಕ್ಕೆ ಗಂಡಾಂತರ ತಂದಿಟ್ಟಿದ್ದಾನೆ ಎಂದು ನಾನು ಎರಡು ಪುಟ ಬರೆದ ಮನುಷ್ಯನ ಇಡೀ ಜನ್ಮದ ಗಳಿಕೆ, ಒಬ್ಬಳು ಹೆಂಡತಿ. ಅವಳೂ ಮೊದಲೇ ಅವನ ಮನೆಯಲ್ಲಿದ್ದವಳು.

ಅರ್ಜಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಬಜಾರದಲ್ಲಿ ಒಬ್ಬ ಕಿರಾಣಿ ಅಂಗಡಿಯವನು. ಅವನ ಕಟ್ಟೆಯ ಎದುರಿಗೇ ಕಾಕಾನ ಜಾಗ. ಕಿರಾಣಿಯವನು ಕೆಟ್ಟವನಲ್ಲ, ಆದರೆ ಅವನ ಅಳಿಯಂದಿರು, ಗೆಳೆಯರು ಸೇರಿ ಅವನ ಕಿವಿ ಊದಿದ್ದರು. ಎದುರಿಗೇ ಮತಾಂತರ ನಡೀತಿದ್ದರೂ ಬೆಲ್ಲ ತೂಗುತ್ತ ಕೂತಿದ್ದೀಯಲ್ಲ ಎಂದು. ಒಂದು ಬೆಳಿಗ್ಗೆ ಅವನು ನನ್ನ ಮೇಜಿಗೆ ಬಂದ.

"ಸ್ಟೋ ಕಾಕಾನ ಮ್ಯಾಲ ಒಂದ ಅರ್ಜಿ ಬರೀರಿ."

"ಏನಂದ ಅಂವ? ಅವನ ಮಾತ ಇದ್ದಂಗ ಹೇಳು. ಅರ್ಜ್ಯಾಗ ಆರೋಪಿ ಮಾತ ಇರಬೇಕು."

ಹೇಳಲು ಶುರು ಮಾಡಿದ ನೋಡಿ! ಅಯ್ಯೋ ಶಿವನೇ, ಐದು ವರ್ಷ ಎದುರಿಗೆ ಕೂತು ಕೇಳಿ ಕೇಳಿ ಅವನಿಗೆ ಎಲ್ಲ ಬಾಯಿಪಾಠ. ಕುರಿ ಬಂತು, ಮನೆ ಬಿಟ್ಟು ಹೋಗಿ ಹಾಳಾಗಿ ತಿರುಗಿ ಬಂದ ಮಗ ಬಂದ, ಶಿಲುಬೆ ಬಂತು. ತನಗೆ ಮೊಳೆ ಹೊಡೆದವರಿಗಾಗಿಯೂ ಯೇಸು ಕ್ಷಮೆ ಬೇಡಿದ ಎಂಬಲ್ಲಿ ಕಿರಾಣಿಯವನ ಧ್ವನಿ ಸ್ವಲ್ಪ ತಗ್ಗಿತು, ಕೈ ತಾನಾಗಿಯೇ ಕಾಕಾನ ಹಾಗೆ ಮೇಲೆದ್ದಿತು. ನಾನು ಬರೆದುಕೊಂಡೆ, ಕಚೇರಿಯ ಕನ್ನಡದಲ್ಲಿ ಮನುಷ್ಯ ಎಂದರೆ ಇಸಮ. 'ಸದರಿ ಇಸಮನು ತಪ್ಪಿದ ಕುರಿಯೊಂದನ್ನು ಹುಡುಕಿಕೊಂಡು ಬರುವ ದೇವರಿದ್ದಾನೆಂದೂ, ಸದರಿ ದೇವರು ಪಾಪಿಗಳನ್ನು ಪ್ರೀತಿಸುತ್ತಾನೆಂದೂ ಸಾರ್ವಜನಿಕವಾಗಿ ಹೇಳಿದ್ದು ಇರುತ್ತದೆ.' ಹೀಗೆ ಎರಡು ಪುಟ. ಮೂರು ಪ್ರತಿ. ಒಂದು ಸಾಹೇಬರಿಗೆ, ಒಂದು ಅರ್ಜಿದಾರನಿಗೆ, ಮೂರನೆಯದು ನನ್ನ ಟ್ರಂಕಿಗೆ.

ಕೊನೆಗೆ ನಾನು ರೂಢಿಯಂತೆ ಒಂದು ಸಾಲು ಸೇರಿಸಿದೆ. ನಮ್ಮ ಕಸುಬಿನಲ್ಲಿ ಪ್ರತಿಯೊಂದು ನಮೂನೆಯ ಅರ್ಜಿಗೂ ಒಂದು ಕಟ್ಟುಸಾಲು ಇರುತ್ತದೆ. ಹೊಲದ ತಂಟೆಯಾದರೆ 'ಜೀವ ಬೆದರಿಕೆ ಹಾಕಿದ್ದು ಇರುತ್ತದೆ'. ಸೊಸೆಯ ಅರ್ಜಿಯಾದರೆ 'ಊಟಕ್ಕೆ ಹಾಕದೆ'. ಅದಿಲ್ಲದಿದ್ದರೆ ಅರ್ಜಿ ಗಟ್ಟಿಯಾಗುವುದಿಲ್ಲ. ಇಲ್ಲಿ ಬರೆದದ್ದು ಇಷ್ಟು: 'ಸದರಿ ಇಸಮನು ಬಡಜನರಿಗೆ ಬಟ್ಟೆ, ಕಾಳುಕಡಿಗಳ ಆಮಿಷ ಒಡ್ಡುತ್ತಿದ್ದಾನೆ.'

ಓದಿ ಹೇಳಿದಾಗ ಕಿರಾಣಿಯವನು ಹುಬ್ಬು ಗಂಟಿಕ್ಕಿದ. "ಕಾಳುಕಡಿ? ಅಂವ ನನ್ನ ಅಂಗಡ್ಯಾಗ ಅರ್ಧ ಕಿಲೋ ಜ್ವಾಳ ತಗೊಂಡ ಹೋಗತಾನಲ್ರಿ. ಮಂದಿಗೆ ಎಲ್ಲಿಂದ ಕೊಡಬೇಕು?"

"ಕೊಟ್ಟಾನ ಅಂತಲ್ಲೋ ಮಾರಾಯ. ಇದು ನಮೂನಿ. ಇದಿಲ್ಲಂದ್ರ ಅರ್ಜಿ ನಿಂದ್ರೂದಿಲ್ಲ."

ಅವನು ಸಹಿ ಮಾಡಿದ. ನಾನು ಚಹಾ ಕುಡಿದೆ. ಅದೊಂದು ಪಾಪ ಎಂದು ನನಗೆ ಆವತ್ತು ಅನ್ನಿಸಲೇ ಇಲ್ಲ, ದೇವರಾಣೆ.

ವಿಚಾರಣೆಯ ದಿನ ಕಾಕಾನನ್ನು ಕರೆಸಿದರು. ಮುಚ್ಚಳಿಕೆ ಬರೆಯಬೇಕಾದೀತು ಎಂದು ನನಗೂ ಕರೆ ಬಂದಿತ್ತು. ಸಾಹೇಬರು ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಕಾಕಾ ಕಣ್ಣು ಮುಚ್ಚಿ, ತಲೆ ಆಡಿಸುತ್ತ ಕೇಳಿದ. ಬಾಗಿಲ ಹತ್ತಿರ ಪೇದೆಗಳು, ಪಹಣಿಗೆ ಬಂದವರು, ಚಹಾದವನು ಎಲ್ಲ ನಿಂತು ಕೇಳಿದರು. ಸಂತೆಯಲ್ಲಿ ಹತ್ತರಲ್ಲಿ ಒಂಬತ್ತು ಜನ ಬಿಟ್ಟು ಹೋಗುತ್ತಿದ್ದ ಮಾತನ್ನು ಇಲ್ಲಿ ಒಬ್ಬನೂ ಅಲ್ಲಾಡದೆ ಕೇಳಿದ. ಸಾಹೇಬರೇ ಓದುತ್ತಿರುವಾಗ ಯಾರು ಎದ್ದು ಹೋಗುತ್ತಾರೆ?

"ಹೌದ್ರಿ, ಬರೋಬ್ಬರಿ ಐತ್ರಿ. ಹಿಂಗ ಹೇಳೀನಿ," ಎನ್ನುತ್ತಿದ್ದ ಕಾಕಾ ಕೊನೆಯ ಸಾಲಿಗೆ ಕಣ್ಣು ತೆರೆದ. "ಇದೊಂದ ನಂದಲ್ರಿ."

"ಎರಡು ಪುಟ ಖರೆ, ಒಂದು ಸಾಲು ಸುಳ್ಳು ಅಂತೀಯಾ?" ಎಂದರು ಸಾಹೇಬರು. ಅವರು ಕಿರಾಣಿಯವನನ್ನು ನೋಡಿದರು. ಕಿರಾಣಿಯವನು ನನ್ನನ್ನು ನೋಡಿದ. ನಾನು ಕಿಟಕಿಯಾಚೆಯ ಬೇವಿನ ಮರವನ್ನು ನೋಡಿದೆ. ಕಾಕಾ ನಾವು ನೋಡಿದ್ದನ್ನೆಲ್ಲ ನೋಡಿದ.

ಸಾಹೇಬರು ಸಾಧು ಮನುಷ್ಯ, ಗಲಾಟೆ ಬೇಡ ಎನ್ನುವವರು. ಇನ್ನು ಮುಂದೆ ಯಾರಿಗೂ ಯೇಸುವಿನ ವಿಷಯ ಹೇಳುವುದಿಲ್ಲ ಎಂದು ಮುಚ್ಚಳಿಕೆ ಕೊಟ್ಟರೆ ಅರ್ಜಿ ಮುಗಿಯಿತು, ಬಜಾರದ ಜಾಗವೂ ಉಳಿಯಿತು ಎಂದರು. ನಾನು ಅಲ್ಲೇ ಬರೆದೆ. ಕಾಕಾ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು, "ಓದ್ರಿ," ಎಂದ. ಓದಿದೆ.

"ಇದಕ್ಕ ಹ್ಯಾಂಗ ಒತ್ಲಿರಿ? ಮಧ್ಯಾಹ್ನ ಯಾರರ ಬಂದು ಕಾಕಾ, ಆ ಕುರಿ ಸಿಕ್ಕಿತೇನು ಅಂತ ಕೇಳಿದ್ರ ಏನ ಹೇಳ್ಲಿ? ಒತ್ತಾಯ ಮಾಡೂದಿಲ್ಲ ಅಂತ ಬರೀರಿ, ಒತ್ತತೇನಿ. ಯಾರಿಗೂ ಏನೂ ಕೊಡೂದಿಲ್ಲ ಅಂತ ಬರೀರಿ, ಎರಡೂ ಕೈ ಹೆಬ್ಬೆಟ್ಟ ಒತ್ತತೇನಿ. ಹೇಳೂದಿಲ್ಲ ಅಂತ ಮಾತ್ರ ಆಗೂದಿಲ್ರಿ. ನಂಗ ಯಾರೋ ಹೇಳ್ಯಾರಂತ ನಾ ಬದಕೀನಿ."

ಮಸಿಯ ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಆ ಕಲೆ ಹೋಗಲಿಲ್ಲ, ಎಷ್ಟೋ ದಿನ ಅದೇ ಧೋತರ ಉಟ್ಟು ತಿರುಗುತ್ತಿದ್ದ. ಎರಡು ದಿನ ಒಳಗಿದ್ದು ಬಂದ. ಬಜಾರದ ಜಾಗ ಹೋಯಿತು. ಬಸ್ ನಿಲ್ದಾಣದ ಹಿಂದೆ, ಯಾರೂ ಹೋಗದ ಕಡೆ, ಜಾಲಿಯ ಕಂಟಿಯ ನೆರಳಿಗೆ ಪೆಟ್ಟಿಗೆ ಇಟ್ಟುಕೊಂಡು ಕೂತ.

ಇಲ್ಲಿಗೆ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆ. ಆದರೆ ಒಳ್ಳೆಯ ಅರ್ಜಿಯೆಂದರೆ ಒಳ್ಳೆಯ ಹೋರಿಯಿದ್ದ ಹಾಗೆ, ಎಲ್ಲ ಊರಿಗೂ ಬೇಕಾಗುತ್ತದೆ. ಕಿರಾಣಿಯವನ ಬೀಗರು ಅವನ ಪ್ರತಿಯನ್ನು ಒಯ್ದರು, ಅವರ ಊರಿನಲ್ಲಿ ನಕಲು ಮಾಡಿಸಿದರು, ಅಲ್ಲಿಂದ ಇನ್ನೊಂದು ಊರು. ವರ್ಷದೊಳಗೆ ನಾಲ್ಕೂ ತಾಲೂಕಿನಲ್ಲಿ ಅದೇ ಅರ್ಜಿ, ನನ್ನದೇ ಒಕ್ಕಣೆ, ನನ್ನದೇ ಕಾಳುಕಡಿ. ಎತ್ತು ಈದೈತಿ ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಒಂದು ಹಳ್ಳಿಯ ಸಂತೆಯಲ್ಲಿ ಹುಡುಗರು, ಎಲ್ಲಿ ನಿನ್ನ ಬಟ್ಟೆ, ಎಲ್ಲಿ ನಿನ್ನ ಕಾಳು, ತೆಗಿ ಹೊರಗ ಎಂದು ಪೆಟ್ಟಿಗೆ ಬೋರಲು ಹಾಕಿದರು. ಪಿನ್ನು, ವಾಸರು, ಅರ್ಧ ರೊಟ್ಟಿ, ಚಟ್ನಿಪುಡಿ ಬಿದ್ದವು. ಕಾಳು ಸಿಗದ ಸಿಟ್ಟಿಗೆ ಬಲಗೈಯ ಮಣಿಕಟ್ಟು ಮುರಿದರು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವನನ್ನು ನೋಡಿ ನಾನು ಮೇಜು ಬಿಟ್ಟು ಎದ್ದೆ. ಜಾಲಿಯ ಕಂಟಿಯ ತನಕ ನಾನೇ ನಡೆದು ಹೋದೆ. "ಕಾಕಾ, ಬಾ, ಅವರ ಮ್ಯಾಲ ಅರ್ಜಿ ಬರೀತೇನಿ. ಒಂದು ಪೈಸಾ ಬ್ಯಾಡ. ಹೆಂಥಾ ಗಟ್ಟಿ ಬರೀತೇನಂದ್ರ ಒಬ್ಬಾಂವನೂ ಜಾಮೀನ ಮ್ಯಾಲ ಹೊರಗ ಬರಬಾರದು."

ಕಾಕಾ ನನ್ನ ಮುಖವನ್ನೇ ನೋಡಿದ. ಎಡಗೈಯಿಂದ ಒಂದು ಬರ್ನರ್ ಉಜ್ಜುತ್ತಿದ್ದ. "ಬ್ಯಾಡ್ರಿ," ಎಂದು ನಕ್ಕ. "ನೀವು ಬರದ್ರ ಒಂದ ಸಾಲ ಹೆಚ್ಚ ಬೀಳ್ತೈತಿ."

ಅಷ್ಟೇ. ಬೈಯಲಿಲ್ಲ, ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ನನ್ನದು ತಪ್ಪಾಯಿತು ಎಂಬ ಎರಡು ಶಬ್ದ ಗಂಟಲಿಗೆ ಬಂದವು. ಜೀವನವಿಡೀ ಮಂದಿಯ ಪರವಾಗಿ 'ತಪ್ಪೊಪ್ಪಿಕೊಂಡು ಕ್ಷಮೆ ಬೇಡುತ್ತೇನೆ' ಎಂದು ಬರೆದವನಿಗೆ ತನ್ನ ಬಾಯಿಂದ ಅದನ್ನು ಹೇಳಲು ಆಗಲಿಲ್ಲ. ಚಹಾ ಕುಡೀತೀಯೇನು ಎಂದು ಕೇಳಿ ಬಂದುಬಿಟ್ಟೆ.

ಆಮೇಲೂ ಅವನು ಸುಮ್ಮನಾಗಲಿಲ್ಲ. ಕೈ ಮುರಿದ ಹಳ್ಳಿಗೆ ಮೂರು ತಿಂಗಳ ಮೇಲೆ ಮತ್ತೆ ಹೋದ. ಹೋಗಿದ್ದಕ್ಕೆ ಕಾರಣ ಕೇಳಿದರೆ, "ಪೆಟ್ಟಿಗಿ ಬೋರಲ ಹಾಕಿದ ಹುಡುಗನ ಅವ್ವಂದು ಸ್ಟೋವ್ ಹೊಗಿ ಬಿಡಾಕತ್ತೈತಂತ," ಎಂದ. ರಿಪೇರಿ ಮಾಡಿ, ಉರಿ ತೋರಿಸಿ, ಕೈಗೆ ಕೊಟ್ಟು, ನಿಂದ್ರತೀರಂದ್ರ ನಂದೊಂದ ಮಾತೈತಿ ಎಂದನಂತೆ. ಆ ಅವ್ವ ನಿಂತಳೋ ಹೋದಳೋ ಅವನು ಹೇಳಲಿಲ್ಲ. ಇಷ್ಟು ಅರ್ಜಿ, ಇಷ್ಟು ಪೆಟ್ಟುಗಳಿಂದ ನಿಲ್ಲದ ಅವನ ತಿರುಗಾಟವನ್ನು ಕೊನೆಗೆ ನಿಲ್ಲಿಸಿದ್ದು ಗ್ಯಾಸ್ ಸಿಲಿಂಡರು. ಮನೆಮನೆಗೆ ಗ್ಯಾಸ್ ಬಂದು ಸ್ಟೋವ್‌ಗಳು ಅಟ್ಟ ಸೇರಿದವು. ಕಾಕಾ ಆಗ ಕೊಡೆ ರಿಪೇರಿ ಶುರು ಮಾಡಿದ. ನಮ್ಮ ಸೀಮೆಯಲ್ಲಿ ಕೊಡೆ ಬಿಚ್ಚುವಷ್ಟು ಮಳೆ ಎಲ್ಲಿ? ಸೊರಗಿದ, ಕೆಮ್ಮು ಹಿಡಿಯಿತು, ಹೋದ.

ಮಣ್ಣು ಮಾಡಲು ವಿಜಾಪುರದಿಂದ ಒಬ್ಬ ಪಾದ್ರಿ ಬಂದಿದ್ದರು. ಹೆಗಲು ಕೊಡಲು ಮನುಷ್ಯರು ಸಾಲದೆ ಕಿರಾಣಿಯವನು ಒಂದು ಕಡೆ ಹಿಡಿದ. ನಾನೂ ಹೋಗಿದ್ದೆ, ದೂರ ನಿಂತಿದ್ದೆ. ಪಾದ್ರಿಗಳಿಗೆ ಕಾಕಾನ ಪರಿಚಯ ಅಷ್ಟಕ್ಕಷ್ಟೆ. ಬೇಗ ಮುಗಿಸಿ ಬಸ್ಸಿಗೆ ಹೋದರು.

ಎಂಟು ದಿನದ ಮೇಲೆ ಕಾಕು ನನ್ನ ಮೇಜಿಗೆ ಬಂದಳು. ವಿಧವಾ ವೇತನದ ಅರ್ಜಿ ಇರಬೇಕೆಂದು ನಾನು ಕಾಗದ ತೆಗೆದೆ.

"ಅದಲ್ರಿ. ನಮ್ಮ ಮನ್ಯಾವ್ರಿಗೆ ಬರಿಯಾಕ ಬರ್ತಿದ್ದಿಲ್ಲ. ಒಂದ ಫೋಟೋನೂ ಇಲ್ಲ. ಅವ್ರು ಏನ ಹೇಳತಿದ್ರು ಅನ್ನೂದು ನಿಮ್ಮ ಟ್ರಂಕಿನ್ಯಾಗ ಐತಿ ಅಂತ ಕಿರಾಣಿ ಅಣ್ಣ ಹೇಳಿದ. ಒಂದ್ಸಲ ಓದಿ ಹೇಳ್ತೀರೇನು?"

ಟ್ರಂಕಿನ ತಳದಲ್ಲಿ ಇತ್ತು ಮೂರನೆಯ ಪ್ರತಿ. ಕಾರ್ಬನ್ನು ಮಾಸಿತ್ತು. ಓದಿದೆ. ಸದರಿ ಇಸಮನು, ಸದರಿ ಕುರಿ, ಸದರಿ ದೇವರು. ಆ ಕಚೇರಿಯ ಕನ್ನಡದೊಳಗಿಂದ ಕಾಕು ತನ್ನ ಗಂಡನ ಧ್ವನಿಯನ್ನು ಹೇಗೋ ಹೆಕ್ಕಿಕೊಳ್ಳುತ್ತಿದ್ದಳು. "ಹೌದು, ಹಿಂಗ ಅಂತಿದ್ರು," ಎಂದು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊನೆಯ ಸಾಲು ಬಂತು. ಓದು ಬಾರದ ಹೆಂಗಸು, ದಾಟಿಸಿಬಿಡಬಹುದಿತ್ತು. ನನ್ನ ನಾಲಿಗೆ ನಿಂತಿತು.

"ಯಾಕ ನಿಂತ್ರಿ? ಓದ್ರಿ."

ಓದಿದೆ. ಬಟ್ಟೆ, ಕಾಳುಕಡಿ, ಆಮಿಷ.

"ಇದು ಅವ್ರ ಸುದ್ದಿ ಅಲ್ಲ," ಎಂದಳು ಕಾಕು.

"ಅಲ್ಲ ಕಾಕು. ಇದು ನಂದು. ನಾನ ಸೇರಿಸೀನಿ. ಕಾಕಾಂದು ಕೈ ಮುರದದ್ದು ಈ ಸಾಲು." ಇಷ್ಟು ವರ್ಷ ಗಂಟಲಲ್ಲಿದ್ದದ್ದು ಹೊರಬಂತು. ಮರದ ಕೆಳಗೆ ಮಂದಿಯೆದುರು ನಾನು ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕಾಕು ಸಮಾಧಾನ ಹೇಳಲಿಲ್ಲ. "ಅದನ್ನ ತಗದು ಚಂದಂಗ ಬರದು ಕೊಡ್ರಿ," ಎಂದಳು. ಬರೆದೆ. ಇಸಮನನ್ನು ತೆಗೆದೆ, ಸದರಿಗಳನ್ನೆಲ್ಲ ತೆಗೆದೆ. ಕುರಿ ಬರೀ ಕುರಿಯಾಯಿತು. ಮುಗಿದ ಮೇಲೆ ಪೆನ್ನು ಕೆಳಗಿಡಲು ಆಗಲಿಲ್ಲ. ಕೆಳಗೆ ಇಷ್ಟು ಬರೆದು, ನಲವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ ನನ್ನ ಸ್ವಂತ ಸಹಿ ಹಾಕಿದೆ: 'ಈತನು ಯಾರಿಗೂ ಆಮಿಷ ಒಡ್ಡಿದ್ದಿಲ್ಲ. ಹಾಗೆಂದು ಸುಳ್ಳು ಬರೆದವನು ನಾನು.' ಕಾಕುವಿಗೆ ಅದನ್ನೂ ಓದಿದೆ.

ಆಕೆಯ ಮುಖದಲ್ಲಿ ಕಾಕಾನದೇ ನಗು ಬಂತು. "ಅವ್ರು ಹೇಳತಿದ್ರು ನೋಡ್ರಿ. ನೀವು ಬರದ್ರ ಒಂದ ಸಾಲ ಹೆಚ್ಚ ಬೀಳ್ತೈತಿ ಅಂತ."

"ಎಷ್ಟು ಪ್ರತಿ ಮಾಡ್ಲಿ ಕಾಕು?"

"ಆ ಸುಳ್ಳು ಎಷ್ಟ ಊರಿಗೆ ಹೋಗಿತ್ರಿ?"

ನಾಲ್ಕು ಪ್ರತಿ ಮಾಡಿದೆ. ಒಂದು ಆಕೆಗೆ ಕೊಟ್ಟೆ. ಉಳಿದ ಮೂರನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಮುಂದಿನ ಸಂತೆಯ ದಿನ ಬಸ್ ಹತ್ತಿದೆ. ನಾನು ಅವನ ದೇವರಿಗೆ ಕೈ ಮುಗಿದವನಲ್ಲ, ಈಗಲೂ ಸೋಮವಾರ ನಮ್ಮ ಗುಡಿಗೇ ಹೋಗುತ್ತೇನೆ. ಆದರೂ ಆ ದಿನ ಪರವೂರಿನ ಸಂತೆಯಲ್ಲಿ, ಕಾಕಾ ಕೂರುತ್ತಿದ್ದ ಜಾಗದಲ್ಲಿ ನಿಂತು, ತಪ್ಪಿಸಿಕೊಂಡ ಕುರಿಯಿಂದ ಹಿಡಿದು ಗಟ್ಟಿಯಾಗಿ ಓದಿದೆ. ಹತ್ತರಲ್ಲಿ ಒಂಬತ್ತು ಜನ ನೋಡಿ ಹೋದರು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಮುದುಕ ಕೊನೆಯ ತನಕ ನಿಂತು ಕೇಳಿದ. ಕೇಳಿ, ಕಾಗದದ ಕಡೆ ಕೈ ತೋರಿಸಿ ಕೇಳಿದ.

"ಯಾರ ಮ್ಯಾಲಿನ ಅರ್ಜಿರಿ ಇದು?"

"ನನ್ನ ಮ್ಯಾಲಿಂದು," ಎಂದೆ.